ಬ್ರಷ್ಷಿನ ಹಸಿರು ತುಂಡು

ದರ್ಜಿ ಬೆಳಿಗ್ಗೆ ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ನನ್ನ ರಿಪೇರಿ ಅಂಗಡಿಗೆ ಬಂದ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ ಹಳೇ ವಾಷಿಂಗ್ ಮೆಷಿನ್ನು ಕೈಗಾಡಿ ಮೇಲಿತ್ತು. "ಮುಚ್ಚಳ ಎತ್ತಿದರೂ ತಿರುಗ್ತಾನೇ ಇತ್ತಪ್ಪಾ. ಬಟ್ಟೆ ಎಳೆಯೋಕೆ ಹೋದೆ. ಇನ್ನು ಸೂಜಿ ಹಿಡಿಯೋದು ಯಾವಾಗಲೋ."

ಅವನು ಹೋದಮೇಲೆ ಬಿಚ್ಚಿದೆ. ಮುಚ್ಚಳದ ಸ್ವಿಚ್ಚಿಗೆ ಬೆಣೆಯ ಹಾಗೆ ಹಲ್ಲುಜ್ಜೋ ಬ್ರಷ್ಷಿನ ಹಿಡಿಯ ತುಂಡು. ಹಸಿರು. ಊರಲ್ಲಿ ಈ ಘನಂದಾರಿ ಕೆಲಸ ಮಾಡೋನು ನಾನೊಬ್ಬನೇ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದ್ದು ನಾನು, ಉಂಡಿದ್ದು ದರ್ಜಿ. ತುಂಡನ್ನು ಜೇಬಿಗೆ ಹಾಕಿಕೊಂಡೆ.

ಈ ಮೆಷಿನ್ನುಗಳ ಜಾತಕ ನನಗೆ ಬಾಯಿಪಾಠ. ಅಪ್ಪನ ಕಾಲದಲ್ಲಿ ಬರೀ ದುಂಡು ತೊಟ್ಟಿ, ಮೇಲೆ ಬಟ್ಟೆ ಹಿಂಡೋ ಎರಡು ರೋಲರ್. ಬೆರಳು ಸಿಕ್ಕಿದರೆ ಅದನ್ನೂ ಹಿಂಡ್ತಿತ್ತು. ಆಮೇಲೆ ತೊಟ್ಟಿಯೇ ಗಿರ್ರನೆ ತಿರುಗಿ ಹಿಂಡೋದು ಬಂತು, ಮುಚ್ಚಳ ಬಂತು, ಮುಚ್ಚಳ ಎತ್ತಿದರೆ ನಿಲ್ಲಿಸೋ ಸ್ವಿಚ್ಚು ಬಂತು. ಅದು ಜನಕ್ಕೆ ಹಿಡಿಸಲಿಲ್ಲ. ಒಳಗೇನಾಗ್ತಿದೆ ಅಂತ ನೋಡಬೇಕು ಅವರಿಗೆ! "ಆ ಸ್ವಿಚ್ಚಿನ ಬಾಯಿ ಮುಚ್ಚಿಸೋ" ಅಂತ ಮೊದಲು ಕೇಳಿದ್ದು ನಮ್ಮಕ್ಕ. ಬ್ರಷ್ಷಿನ ತುಂಡು ಉಜ್ಜಿ ಸಿಕ್ಕಿಸಿಕೊಟ್ಟೆ. ಭೇಷ್ ಅಂದಳು, ಉಬ್ಬಿಹೋದೆ. ಈಗ ಕಂಪನಿಯವರು ಗಾಜಿನ ಮುಚ್ಚಳ ಇಟ್ಟು ಬೀಗ ಹಾಕಿದ್ದಾರೆ. ನೋಡು, ಮುಟ್ಟಬೇಡ. ಅಷ್ಟು ನನಗೆ ಹೊಳೆಯಲಿಲ್ಲ.

ಅಯ್ಯೋ, ಅಕ್ಕ! ಅವಳ ಮೊಮ್ಮಗಳು ಹೋದ ವಾರ ತಾನೇ ಸ್ಟೂಲ್ ಹತ್ತೋದು ಕಲಿತಿದ್ದಾಳೆ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೆಷಿನ್ ಹಾಕಿದ್ದರೆ ಅವಳಿಗೆ ಏನೂ ಕೇಳಿಸೋದಿಲ್ಲ. ಅಂಗಡಿ ಬಾಗಿಲೂ ಹಾಕದೆ ಓಡಿದೆ. ದಾರಿಯಲ್ಲಿ ಒಬ್ಬ ಬಸ್ ಡ್ರೈವರನ ಹತ್ತಿರ ಚೆನ್ನಾಗಿ ಬೈಸಿಕೊಂಡೆ.

ಬಚ್ಚಲ ಪಕ್ಕ ಮೆಷಿನ್ ಗಡಗಡ ಅಂತಿತ್ತು. ಮುಚ್ಚಳ ತೆರೆದಿತ್ತು. ಸ್ಟೂಲಿನ ಮೇಲೆ ಪುಟ್ಟಿ, ಬಗ್ಗಿ ಕೈ ಚಾಚಿದ್ದಾಳೆ. ಒಂದು ಕೈಲಿ ಅವಳನ್ನು ಬಾಚಿಕೊಂಡೆ, ಇನ್ನೊಂದರಲ್ಲಿ ಪ್ಲಗ್ ಕಿತ್ತೆ.

"ಏನೋ ಬಂತು ನಿಂಗೆ?" ಅಡುಗೆಮನೆಯಿಂದ ಬಂದ ಅಕ್ಕ ರೇಗಿದಳು. ಪುಟ್ಟಿಯ ಹತ್ತೂ ಬೆರಳು ಮುಟ್ಟಿ ನೋಡಿದ ಮೇಲೇ ದರ್ಜಿಯ ವಿಷಯ, ಹಸಿರು ತುಂಡಿನ ವಿಷಯ ಹೇಳೋಕೆ ನನಗೆ ಬಾಯಿ ಬಂತು.

ಅಕ್ಕ ಪುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡಳು. "ಹಸಿರು ಬ್ರಷ್ ನಂದೇ. ಹತ್ತು ವರ್ಷದಿಂದ ಈ ಮನೆ ಬ್ರಷ್ ಒಂದೂ ಕಸಕ್ಕೆ ಹೋಗಿಲ್ಲ ಕಣೋ, ನೀನೇ ಇಸ್ಕೊಂಡು ಹೋದೆ. ಅವೆಲ್ಲ ಯಾರ್ಯಾರ ಮನೇಲಿವೆ?"

ನನಗೆ ಅರ್ಧ ಮನೆ ನೆನಪಿರಲಿಲ್ಲ. ಅವಳ ಮೆಷಿನ್ನಿನ ತುಂಡು ಕಿತ್ತು ಹಾಕಿದೆ. "ಇಡೀ ಊರಿನ ಬಾಗಿಲು ತಟ್ತೀನಿ ಅಕ್ಕ."

"ತಟ್ಟು. ಮೊದಲು ದರ್ಜಿ ಮನೇದು. ಅವನಿಗೆ ಗೊತ್ತಿಲ್ಲ ಅಂತ ಬಚ್ಚಿಟ್ಟೀಯ, ಜೋಕೆ."

ತಟ್ಟಿದೆ. ಒಳಗೆ ಅವನು ಚಿಲಕದ ಜೊತೆ ಒದ್ದಾಡೋದು ಕೇಳಿಸ್ತಿತ್ತು. ಕೊನೆಗೆ ತೆಗೆದ, ಎಡಗೈಲಿ.

"ಇಷ್ಟು ಬೇಗ ರಿಪೇರಿ ಆಯ್ತಾ? ನೀನು ದೇವರಂಥೋನು ಬಿಡಪ್ಪಾ."

ನಾನು ಮುಷ್ಟಿ ಬಿಚ್ಚಿ ಹಸಿರು ತುಂಡು ತೋರಿಸಿದೆ.