ಬಚ್ಚಲ ಬಸವ

ಕ್ಯಾತನಹಳ್ಳಿಯ ಆ ಬೀದಿಯಲ್ಲಿ ದ್ಯಾವಮ್ಮಜ್ಜಿಯ ಕೈಯಲ್ಲಿ ನೀರು ಹುಯ್ಯಿಸಿಕೊಳ್ಳದ ಕೂಸೇ ಇರಲಿಲ್ಲ. ಅವಳ ಹಿತ್ತಿಲ ಬಚ್ಚಲಲ್ಲಿ ಒಂದು ಅಗಲವಾದ ಚಪ್ಪಡಿ. ಅದರ ಒಂದು ತುದಿಯಲ್ಲಿ ಅಂಗೈಯಷ್ಟು ಉಬ್ಬಿಕೊಂಡು ಮಲಗಿದ ಬಸವ. ಕೊಂಬು ಸವೆದುಹೋಗಿದೆ ಎಂದು ಎಲ್ಲರ ಎಣಿಕೆ. ಅಜ್ಜಿಯ ಗಂಡ ಕರಿಯಯ್ಯ ವಯಸ್ಸಿನಲ್ಲಿದ್ದಾಗ ಪಾಂಡವಪುರದ ಕಡೆಯಿಂದ ಗಾಡಿಯಲ್ಲಿ ಹೇರಿಕೊಂಡು ಬಂದ ಕಲ್ಲು ಅದು. ಅಜ್ಜಿ ಬಸವನಿಗೆ ಕಾಲು ತೋರಿಸದೆ ಅಡ್ಡಲಾಗಿ ಕೂತು, ಎರಡೂ ಕಾಲು ಚಾಚಿ, ಅವುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಳ್ಳುತ್ತಿದ್ದಳು. ಮೊದಲು ಬಸವನಿಗೆ ಅರಿಶಿನ. ನೀರಾದ ಮೇಲೆ ಅದೇ ಅರಿಶಿನ ಕೂಸಿನ ಹಣೆಗೆ.

ಆ ವರ್ಷ ಮೊಮ್ಮಗಳು ಅರ್ಪಿತ ಬಾಣಂತನಕ್ಕೆ ಬಂದಿದ್ದಳು. ಅವಳ ಮೊದಲ ಕೂಸು ಇದೇ ಮನೆಯಲ್ಲಿ ನಲವತ್ತನೇ ದಿನ ಜ್ವರ ಬಂದು ತೀರಿಹೋಗಿತ್ತು. ಈ ಕೂಸಿಗೆ ಇವತ್ತು ಮೂವತ್ತೆಂಟು. ಮನೆಯಲ್ಲಿ ಯಾರೂ ದಿನದ ಲೆಕ್ಕ ಬಾಯಲ್ಲಿ ಆಡುತ್ತಿರಲಿಲ್ಲ. ತಂಗಿ ರಂಜಿತ ಮಾತ್ರ ನೋಡಿದ್ದಳು: ಅಕ್ಕ ದಿನಕ್ಕೊಂದರಂತೆ ಕಂಬದ ಹಿಂದೆ ಇದ್ದಲಿನಲ್ಲಿ ಗೀರು ಎಳೆಯುತ್ತಿದ್ದಳು.

ರಂಜಿತ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಾತು ಕಮ್ಮಿ. ಅಣ್ಣ ಕಿಶನ್ ಬಾಡಿಗೆ ಕಾರು ಓಡಿಸುತ್ತಿದ್ದ. ಅವತ್ತು ಬೆಳಿಗ್ಗೆ ಇಂಗ್ಲೆಂಡಿನ ಒಬ್ಬ ಹೆಂಗಸನ್ನು ಊರು ತೋರಿಸಲು ಕರೆದೊಯ್ಯಬೇಕಿತ್ತು.

"ಮೇಡಮ್ಮು ಒಬ್ರೇ ಅವ್ರೆ, ಜತೇಲಿ ಒಂದು ಹೆಣ್ಣಿದ್ರೆ ಚೆಂದ. ಬಾರಮ್ಮಿ," ಎಂದ.

"ನಂಗೆ ಇಂಗ್ಲೀಸು ಬರಾಕಿಲ್ಲ."

"ನಿಂಗೆ ಕನ್ನಡವೇ ಬಾಯಿಂದ ಬರಾಕಿಲ್ಲ. ಇಂಗ್ಲೀಸು ಬರ್ದಿದ್ರೆ ಏನು ಕಳ್ಕಂಡಂಗಾಯ್ತು?"

ಶ್ರೀರಂಗಪಟ್ಟಣದಲ್ಲಿ ಅರಮನೆಯ ಗೋಡೆಯ ಮೇಲೆ ಬರೆದ ಕುದುರೆ, ಫಿರಂಗಿಗಳನ್ನು ನೋಡಿದರು. ಕೋಟೆಯ ನೆರಳಿನಲ್ಲಿ ಎಳನೀರು ಕುಡಿಯುವಾಗ ಮೇಡಮ್ಮು ಚೀಲದಿಂದ ಒಂದು ಚಿತ್ರದ ಪುಸ್ತಕ ತೆಗೆದರು. ಅವರದು ಡೆವನ್ ಎಂಬ ಜಿಲ್ಲೆ. ಅಲ್ಲಿನ ಕೋಟೆ, ಚರ್ಚು, ದೊಡ್ಡ ದೊಡ್ಡ ಹಳೇ ಮನೆಗಳು.

"ಹಳೇ ಮನೆ ನೋಡಾಕೂ ಟಿಕೀಟಂತೆ ಕಣಮ್ಮಿ," ಕಿಶನ್ ನಕ್ಕ. "ನಮ್ಮಜ್ಜೀನ ಬಾಗ್ಲಲ್ಲಿ ಕೂರ್ಸುದ್ರೆ ಆಯ್ತದೆ. ಅವ್ಳನ್ನ ದಾಟ್ಕಂಡು ಒಬ್ನೂ ಟಿಕೀಟಿಲ್ದೆ ಒಳೀಕೋಗಾಕಿಲ್ಲ."

ಒಂದು ಚರ್ಚಿನ ಪಕ್ಕದ ಕಲ್ಲಿನ ಚಿತ್ರದ ಮೇಲೆ ರಂಜಿತಳ ಕಣ್ಣು ನಿಂತಿತು. ಮಲಗಿದ ಬಸವ. ಹಾಗೇ ಮಡಚಿದ ಕಾಲು, ಹಾಗೇ ಒಂದು ಕಡೆಗೆ ವಾಲಿದ ಕತ್ತು. ಅಷ್ಟು ದೂರದ ಊರಲ್ಲೂ ನಮ್ಮ ಬಸವ ಇದ್ದಾನಲ್ಲ ಎಂದು ಅವಳಿಗೆ ಖುಷಿಯೋ ಖುಷಿ. ಕೇಳಲು ನಾಚಿಕೆಯಾಗಿ ಹಾಳೆ ಮಗುಚಿದಳು.

ಆಮೇಲೆ ಹೋಗಿದ್ದು ಪಾಂಡವಪುರದ ಹತ್ತಿರ, ಇಂಗ್ಲಿಷ್ ಪಡೆ ಬೀಡುಬಿಟ್ಟಿದ್ದ ಕಾಲದ ಸ್ಮಶಾನಕ್ಕೆ. ತಮ್ಮ ಜಿಲ್ಲೆಯಿಂದ ಬಂದು ಇಲ್ಲಿ ಮಣ್ಣಾದವರ ಹೆಸರನ್ನು ಮೇಡಮ್ಮು ಬರೆದುಕೊಳ್ಳುತ್ತಿದ್ದರು. ಲಂಟಾನ ಪೊದೆ ಸರಿಸಿದಾಗ ಅಗಲವಾದ ಕುಳ್ಳ ಕಲ್ಲುಗಳ ಒಂದು ಸಾಲು ಕಂಡಿತು. ಒಂದೊಂದರ ಮೇಲೂ ಬಸವ.

ರಂಜಿತ ಅಣ್ಣನ ಅಂಗಿ ಜಗ್ಗಿದಳು. "ಇದೇನು ಅಂತ ಕೇಳಣ್ಣ."

ಕಿಶನ್ ಕೇಳಿ ಬಂದು ಹೇಳಿದ: "ಕುರಿಮರಿ ಅಂತೆ. ಕೂಸು ಸತ್ರೆ ಮಾತ್ರ ಕೆತ್ತುಸ್ತಾರಂತೆ. ದೊಡ್ಡವ್ರಿಗೆ ಇಲ್ವಂತೆ."

ರಂಜಿತ ಸಾಲು ಹಿಡಿದು ನಡೆದು ಕೊನೆಯಲ್ಲಿ ಕುಕ್ಕರಿಸಿದಳು. ಅಲ್ಲಿದ್ದ ಕಲ್ಲಿಗೆ ಮೇಲ್ಭಾಗವೇ ಇರಲಿಲ್ಲ. ಓರೆಯಾಗಿ ಮುರಿದಿತ್ತು. ಆ ಓರೆ ಅವಳಿಗೆ ಗೊತ್ತು. ದಿನಾ ಬಚ್ಚಲು ತಿಕ್ಕುವಾಗ ಅವಳ ಹೆಬ್ಬೆರಳು ಮುಟ್ಟುತ್ತಿದ್ದ ಚಪ್ಪಡಿಯ ಅಂಚು ಅದು. ಉಳಿದ ಅರ್ಧದಲ್ಲಿದ್ದುದನ್ನು ಮೇಡಮ್ಮು ಗಟ್ಟಿಯಾಗಿ ಓದಿದರು. ಎಮಿಲಿ. ಐದು ತಿಂಗಳು. ಜ್ವರ.

"ಯಾಕಮ್ಮಿ, ಬಿಸ್ಲು ಬಡೀತಾ?" ಎಂದ ಕಿಶನ್. ಅವನು ಬಾಣಂತಿ ಬಚ್ಚಲಿಗೆ ಕಾಲಿಟ್ಟವನೇ ಅಲ್ಲ.

"ಮನೆಗೋಗವ," ಎಂದಳು. "ಈಗ್ಲೇ."

ಮನೆ ಮುಟ್ಟುವಷ್ಟರಲ್ಲಿ ಹಂಡೆಯ ನೀರು ಕಾದಿತ್ತು. ಅಜ್ಜಿ ಕಾಲು ಚಾಚಿ ಕೂತಿದ್ದಳು. ಕೂಸಿನ ಮೈಗೆ ಎಣ್ಣೆ ಹಚ್ಚಿ ಆಗಿತ್ತು, ಬಸವನಿಗೆ ಅರಿಶಿನ ಮೆತ್ತಿ ಆಗಿತ್ತು. ಅರ್ಪಿತ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಕ್ಕನ ಎದುರು ಹೇಳುವುದು ಹೇಗೆ? ರಂಜಿತ ಬಗ್ಗಿ ಅಜ್ಜಿಯ ಕಿವಿಯಲ್ಲಿ ನಾಲ್ಕೇ ಮಾತು ಹೇಳಿದಳು.

ಅಜ್ಜಿಯ ಚೊಂಬು ಅರ್ಧಕ್ಕೇ ನಿಂತಿತು. ಅವಳು ಎಡಗೈಯ ಬೆರಳಿನಿಂದ ಬಸವನ ತಲೆಯ ಅರಿಶಿನ ಒರೆಸಿದಳು. ಕೊಂಬು ಸವೆದ ಗುರುತೇ ಇರಲಿಲ್ಲ. ಬೆನ್ನ ಮೇಲಿನ ಸುರುಳಿ ಸುರುಳಿಯನ್ನು ಇಷ್ಟು ದಿನ ಬಸವನಿಗೆ ಹೊದಿಸಿದ ಜೂಲು ಎಂದುಕೊಂಡಿದ್ದರು. ಅದು ಉಣ್ಣೆ.

"ಏನಂದ್ಲಜ್ಜಿ?" ಎಂದಳು ಅರ್ಪಿತ.

"ನೀರು ಬಿಸಿ ಜಾಸ್ತಿ ಅಂದ್ಲು. ಆ ಮಣೆ ತತ್ತಾ, ರಂಜಿ."

ಅಜ್ಜಿ ಕಲ್ಲಿನಿಂದ ಆಚೆಗೆ ಮಣೆ ಹಾಕಿಸಿಕೊಂಡು ಅದರ ಮೇಲೆ ಕೂತು ಕೂಸಿಗೆ ನೀರು ಹುಯ್ದಳು. ಅರ್ಪಿತ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಎಂದಿನಂತೆ ಬಸವನ ಅರಿಶಿನಕ್ಕೆ ಬೆರಳು ಚಾಚಿದಳು.

ಅಜ್ಜಿಯೂ ರಂಜಿತಳೂ ಒಟ್ಟಿಗೇ ಅವಳ ಕೈ ಹಿಡಿದರು.

ಅರ್ಪಿತ ಇಬ್ಬರ ಮುಖವನ್ನೂ ನೋಡಿದಳು. "ಯೋಳಿ," ಎಂದಳು.

ಅಜ್ಜಿ ತಲೆ ತಗ್ಗಿಸಿದಳು. ರಂಜಿತಳೇ ಹೇಳಬೇಕಾಯಿತು. ಕುರಿಮರಿ, ಮುರಿದ ಅಂಚು, ಐದು ತಿಂಗಳು, ಜ್ವರ. ಹುಟ್ಟಿದ ಮೇಲೆ ಅವಳು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಮೊದ್ಲನೇದ್ಕೂ ಇಲ್ಲೇ ತಾನೆ ನೀರುಯ್ದಿದ್ದು?" ಅರ್ಪಿತಳ ದನಿ ಏರಲಿಲ್ಲ.

"ಇಲ್ಲೇ ಕಣವ್ವ," ಎಂದಳು ಅಜ್ಜಿ. "ನಿಂಗೂ ಇಲ್ಲೇ. ನಿಮ್ಮವ್ವಂಗೂ ಇಲ್ಲೇ. ಕೈ ಮುಗ್ದು ಮುಗ್ದು ಉಯ್ದೆ."

ಹಂಡೆಯ ಕೆಳಗೆ ಸೌದೆ ಚಟಪಟ ಎಂದಿತು. ಅರ್ಪಿತ ಕೂಸನ್ನು ಎದೆಗೆ ಒತ್ತಿ ಹಿಡಿದು, ಹಿಂದೆ ಹಿಂದೆ ಸರಿದು, ಗೋಡೆಗೆ ತಾಗಿ ನಿಂತಳು.

"ನಾಳೀಕೆ ಈ ಕಲ್ಲ ಕಿಶನ್ ಕಾರಲ್ಲಿ ಆಕ್ಕಂಡೋಗಿ ಅಲ್ಲೇ ಇಟ್ಬುಟ್ಟು ಬರ್ಲಿ," ಎಂದಳು. "ಎಸ್ರೇನಂದೆ?"

"ಎಮಿಲಿ."

ಅರ್ಪಿತ ಕೂಸನ್ನು ತಂಗಿಯ ಕೈಗೆ ಕೊಟ್ಟಳು. ಹಂಡೆಯಲ್ಲಿ ಉಳಿದಿದ್ದ ನೀರನ್ನು ಚೊಂಬಿಗೆ ಮೊಗೆದು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಬಿಸಿ ನೋಡಿದಳು. ಕುರಿಮರಿಯ ಕಣ್ಣಿಗೆ ಬೀಳದಂತೆ ಹಣೆಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಸುರಿದಳು. ಅರಿಶಿನವೆಲ್ಲ ತೊಳೆದು ಮೋರಿಗೆ ಹರಿಯಿತು.

ಮಣೆಯ ಮೇಲೆ ದ್ಯಾವಮ್ಮಜ್ಜಿ ಕೂಸಿಗೆಂದು ಚಾಚಿದ ಕಾಲುಗಳನ್ನು ಇನ್ನೂ ಮಡಚಿರಲಿಲ್ಲ.