ಜಗಲಿ ದೀಪದ ಕೆಳಗಿನ ನಾಲ್ಕು ಗಿಡ

ಜೆಲಿಕಾ ಚಿಕ್ಕಮ್ಮನಿಗೆ ಗಂಡನ ಸಮಾಧಿ ಇರಲಿಲ್ಲ. ದೋಣಿ ಸಿಕ್ಕಿತ್ತು, ಒಂದು ಬೂಟು ಸಿಕ್ಕಿತ್ತು, ಅಮೆದೆ ಚಿಕ್ಕಪ್ಪ ಸಿಕ್ಕಿರಲಿಲ್ಲ. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಲಾಬ್‌ಸ್ಟರ್ ಬೋನುಗಳನ್ನು ಎತ್ತಲು ಹೋದವನು. ಖಾಲಿ ಪೆಟ್ಟಿಗೆಯನ್ನಾದರೂ ಹೂಳೋಣ ಎಂದರು ಪಾದ್ರಿ. "ಖಾಲಿ ಪೆಟ್ಟಿಗೆಗೆ ಯಾಕೆ ಗುಂಡಿ ತೋಡ್ತೀರಿ ಫಾದರ್, ನಿಮಗೂ ಬೆನ್ನುನೋವು" ಎಂದು ಚಿಕ್ಕಮ್ಮ ಅವರನ್ನು ಕಳಿಸಿಬಿಟ್ಟಳು.

ನಮ್ಮ ಊರಿನಲ್ಲಿ ಸಮುದ್ರಕ್ಕೆ ಹೋದವನು ಬರದಿದ್ದರೆ, ಬಂದರಿಗೆ ಕಾಣುವ ಜಗಲಿಯ ದೀಪ ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತದೆ. ಹೆಣ ಸಿಕ್ಕಿದ ದಿನ ಆರುತ್ತದೆ. ಹಚ್ಚಿದವಳೇ ಆರಿಸಬೇಕು. ಬೇರೆ ಯಾರೂ ಸ್ವಿಚ್ ಮುಟ್ಟುವುದಿಲ್ಲ, ಆರಿಸು ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಚಿಕ್ಕಮ್ಮನ ದೀಪ ಎರಡು ವರ್ಷದಿಂದ ಉರಿಯುತ್ತಿತ್ತು.

ಚಿಕ್ಕಪ್ಪ ಬಿಟ್ಟುಹೋದದ್ದು ಒಂದು ತಂಬಾಕಿನ ಡಬ್ಬಿ. ಒಳಗೆ ಐದು ಗಾಂಜಾ ಬೀಜ. ಪೊಲೀಸರ ಕಣ್ಣು ತಪ್ಪಿಸಿ, ಗುಡ್ಡದ ಮೇಲಿನ ಸ್ಪ್ರೂಸ್ ಮರಗಳ ನಡುವೆ ಮೂವತ್ತು ವರ್ಷ ಅದನ್ನು ಬೆಳೆದಿದ್ದ. ಪ್ರತಿ ವರ್ಷ ಎಲ್ಲಕ್ಕಿಂತ ಮೊದಲು ಮಾಗಿದ ಗಿಡದ ಬೀಜವನ್ನೇ ಎತ್ತಿಡುತ್ತಿದ್ದ. ಅಕ್ಟೋಬರ್ ಶುರುವಿಗೇ ಇಬ್ಬನಿ ಹೆಪ್ಪುಗಟ್ಟುವ ಈ ಕೇಪ್ ಬ್ರೆಟನ್ ದ್ವೀಪದಲ್ಲಿ ಅಂಗಡಿಯಿಂದ ತಂದ ಬೀಜದ ಗಿಡ ಮಾಗುವ ಮೊದಲೇ ಬೂಸ್ಟು ಹಿಡಿದು ಕೊಳೆಯುತ್ತದೆ. ಅವನದು ಸೆಪ್ಟೆಂಬರ್ ಮಧ್ಯಕ್ಕೆ ಕೊಯ್ಲಿಗೆ ಬರುತ್ತಿತ್ತು. ಮನೆಗೆ ನಾಲ್ಕು ಗಿಡ ಬೆಳೆಯಬಹುದು ಎಂದು ಕಾನೂನು ಬಂದಾಗ ನಕ್ಕಿದ್ದ: "ಇನ್ನು ಮನೆ ಮುಂದೇನೆ, ಬಿಸಿಲಿನ ಗೋಡೆಗೆ. ಪೊಲೀಸಿನೋರು ಬಂದ್ರೆ ಕಾಫಿ ಕೊಡು." ಆದರೂ ಅಭ್ಯಾಸಕ್ಕೆ ಗುಡ್ಡದಲ್ಲೇ ಬೆಳೆದ. ಮುಂದಿನ ವರ್ಷ ಎನ್ನುತ್ತಲೇ ಇದ್ದ.

ಈ ವಸಂತದಲ್ಲಿ ಚಿಕ್ಕಮ್ಮ ಡಬ್ಬಿ ತೆಗೆದಳು. ಏಡಿ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಅವಳ ಬೆರಳು ಸೊಟ್ಟಗಾಗಿದ್ದವು. ಚಿಕ್ಕಪ್ಪ ಅದಕ್ಕೆ ಗಾಂಜಾದ ಮುಲಾಮು ಮಾಡಿಕೊಡುತ್ತಿದ್ದ. ಬೆರಳಿಗೆ ಬೇಕು ಎಂದೇ ಅವಳು ಹೇಳಿದ್ದು. ಆದರೆ ಚಿಕ್ಕಪ್ಪನ ಉಣ್ಣೆಯ ಅಂಗಿಯಲ್ಲಿದ್ದ ಆ ಗಿಡದ ವಾಸನೆ ಎರಡನೇ ಚಳಿಗಾಲಕ್ಕೆ ಮುಗಿದುಹೋಗಿತ್ತು. ಅವಳು ಅದನ್ನು ಮೂಸಿ ನೋಡಿ ಮಡಚಿಡುವುದನ್ನು ನಾನು ಕಂಡಿದ್ದೆ. ನಾನು ಅವಳ ಜೊತೆಗಿದ್ದೆ, ಅದೇ ಕಾರ್ಖಾನೆಯಲ್ಲಿ ಏಡಿಯ ಕಾಲು ಮುರಿಯುತ್ತಿದ್ದೆ.

ಐದರಲ್ಲಿ ನಾಲ್ಕು ಮೊಳೆತವು. ಹೊಸ ಬೀಜ ಕಟ್ಟದಿದ್ದರೆ ತಳಿ ಅಲ್ಲಿಗೆ ಮುಗಿಯಿತು.

ಚಿಕ್ಕಪ್ಪ ಹೇಳಿದ್ದ ಜಾಗದಲ್ಲೇ, ಜಗಲಿಯ ಪಕ್ಕದ ತೆಂಕಣ ಗೋಡೆಗೆ ನೆಟ್ಟೆವು. ಕೊಳೆತ ಕಡಲಪಾಚಿ ಹಾಕಿದೆ, ಹಲಗೆಯ ಬೇಲಿ ಕಟ್ಟಿದೆ, ಕಾನೂನಿನಂತೆ ಬೀಗ ಜಡಿದೆ. ಜುಲೈ ಕೊನೆಗೆ ಗಿಡಗಳು ಬೇಲಿಗಿಂತ ಮೇಲಿದ್ದವು. ಪಕ್ಕದ ಮನೆಯ ಮುದುಕ ಫಿದೆಲ್ ಇಣುಕಿದ.

"ಜೆಲಿಕಾ, ಇದು ಗಾಂಜಾನೋ ಕ್ರಿಸ್‌ಮಸ್ ಮರಾನೋ?"

"ನಿನ್ನ ಬಾಯಿ ನೆನಪಾಗಿದ್ರೆ ಅದಕ್ಕೂ ಒಂದು ಬೀಗ ತರ್ತಿದ್ದೆ ನೋಡು."

ಅವನು ನಕ್ಕ. ಆಮೇಲೆ ಜಗಲಿಯ ಬಲ್ಬನ್ನು ನೋಡಿದ, ಸುಮ್ಮನೆ ಹೋದ.

ಆಗಸ್ಟ್ ಹದಿನೈದರ ಚರ್ಚಿನ ಹಬ್ಬಕ್ಕೆ ಊರಿನ ಎಲ್ಲರ ಗಿಡದಲ್ಲೂ ಹೂ ಬಂದಿತ್ತು. ನಮ್ಮದರಲ್ಲಿ ಬರೀ ಎಲೆ. ಚಿಕ್ಕಮ್ಮ ಮೀನು ತೊಳೆದ ನೀರು ಹಾಕಿದಳು, ಕುಡಿ ಚಿವುಟಿದಳು. "ಅವರಿದ್ದಿದ್ರೆ ಒಂದು ಮಾತಲ್ಲಿ ಹೇಳ್ತಿದ್ರು" ಎಂದಳು. ಇಪ್ಪತ್ತೊಂಬತ್ತರಂದು ನಾನು ಫಿದೆಲ್ ಮಾವನ ಹತ್ತಿರ ಹೋದೆ. ಅವನು ಬೋನಿನ ತೇಲುಗುಂಡುಗಳಿಗೆ ಬಣ್ಣ ಬಳಿಯುತ್ತಿದ್ದ.

"ನಮ್ಮ ಗಿಡಕ್ಕೆ ಏನಾಗಿದೆ ಮಾವ?"

"ಏನೂ ಆಗಿಲ್ಲ." ಅವನು ತಲೆ ಎತ್ತಲಿಲ್ಲ. "ಅದಕ್ಕೆ ರಾತ್ರಿ ಉದ್ದ ಆಗ್ಬೇಕು, ಕಪ್ಪಗಿರ್ಬೇಕು. ಆವಾಗ್ಲೇ ಹೂ ಬಿಡೋದು. ದೀಪದ ಕೆಳಗೆ ನಿಂತಿದ್ರೆ ಅದಕ್ಕಿನ್ನೂ ಹಗಲೇ ಉದ್ದ, ಜೂನ್ ತಿಂಗಳು."

"ನಿಮಗೆ ಯಾವಾಗಿಂದ ಗೊತ್ತು?"

"ನೀವು ನೆಟ್ಟ ದಿನದಿಂದ. ಎಲ್ಲರಿಗೂ ಗೊತ್ತು."

"ಮತ್ತೆ ಹೇಳೋಕೇನು ಕಷ್ಟ?"

"ಹೆಂಗೆ ಹೇಳ್ಲಿ ಮಗಾ? ಅವಳಿಗೆ ದೀಪ ಆರಿಸು ಅಂತ ನಾನು ಹೇಳ್ಲಾ? ನೀನೇ ಹೇಳು ನೋಡೋಣ."

ನಾನು ಹೇಳಿದೆ. ಆರಿಸು ಎನ್ನಲಿಲ್ಲ, ಫಿದೆಲ್ ಮಾವ ಹೀಗಂದ ಎಂದೆ. ಚಿಕ್ಕಮ್ಮ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ದೀಪ ಹಿಂದಿನ ಬಾಗಿಲಿಗೆ ಹಾಕೋಣ್ವಾ?" ಎಂದು ಕೇಳಿದೆ.

"ಹಿಂದಿನ ಬಾಗಿಲು ಗುಡ್ಡಕ್ಕೆ ಕಾಣುತ್ತೆ. ಅವರೇನು ಗುಡ್ಡದಿಂದ ಬರ್ತಾರಾ?"

ಆ ಸಂಜೆ ಗಿಡಗಳಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆವು. ಗುಡ್ಡದಿಂದ ಇಳಿದ ಗಾಳಿ ಬೆಳಗಾಗುವಷ್ಟರಲ್ಲಿ ಅದನ್ನು ಕಡಲ ಕಲ್ಲುಗಳ ಮೇಲೆ ಎಸೆದಿತ್ತು. ಅಂದು ರಾತ್ರಿ ಊಟವಾಗಿ ಪಾತ್ರೆ ತೊಳೆದಮೇಲೆ ಚಿಕ್ಕಮ್ಮ ಕೈ ಒರೆಸಿಕೊಂಡು ಬಾಗಿಲಿಗೆ ಹೋಗಿ ಸ್ವಿಚ್ ಆರಿಸಿದಳು.

"ದಾರಿ ಗೊತ್ತಲ್ಲ ಅವರಿಗೆ" ಎಂದಳು.

ಬೆಳಗ್ಗೆ ಮೂವರು ಹೆಂಗಸರು ಮಾಂಸದ ಕಡುಬು ಹಿಡಿದು ಬಂದರು. ಕಪ್ಪು ಬಟ್ಟೆ ಹಾಕಿದ್ದರು. ಫಿದೆಲ್ ಟೋಪಿ ತೆಗೆದು ಹಿಂದೆ ನಿಂತಿದ್ದ.

"ಎಲ್ಲಿ ಸಿಕ್ಕಿದ್ರು ಜೆಲಿಕಾ?" ಎಂದಳು ಒಬ್ಬಳು.

"ಸಿಕ್ಕಿಲ್ಲ. ಗಾಂಜಾಕ್ಕೆ ಕತ್ತಲೆ ಬೇಕಂತೆ."

ಯಾರೂ ನಗಲಿಲ್ಲ. ತಂದದ್ದನ್ನು ವಾಪಸು ಒಯ್ಯಲಾಗದೆ ಕಡುಬನ್ನು ಮೇಜಿನ ಮೇಲಿಟ್ಟು ಹೋದರು. ನಾವು ನಾಲ್ಕು ದಿನ ತಿಂದೆವು.

ಹನ್ನೆರಡನೇ ದಿನ ಹೂವಿನ ಬಿಳಿ ಎಳೆಗಳು ಕಂಡವು. ಮೂರು ಹೆಣ್ಣು, ಒಂದು ಗಂಡು. ಗಂಡಿಲ್ಲದೆ ಬೀಜ ಕಟ್ಟದು, ಅದೃಷ್ಟವೇ. ಗಂಡು ಗಿಡ ಪರಾಗ ಉದುರಿಸಿತು, ವಾಸನೆ ಎದ್ದಿತು. ಚಿಕ್ಕಮ್ಮ ಉಣ್ಣೆಯ ಅಂಗಿಯನ್ನು ತಂದು ಬೇಲಿಯ ಒಳಗೆ, ಗಿಡಗಳ ನಡುವೆ ನೇತುಹಾಕಿದಳು. ಸಂಜೆಯಾದರೆ ಅವಳು ಕತ್ತಲ ಜಗಲಿಯಲ್ಲಿ ಬಂದರಿನ ಕಡೆ ಮುಖ ಮಾಡಿ ಕೂರುತ್ತಿದ್ದಳು. ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದಳು, ಕೈ ಮರೆತು ಹೋದೀತೆಂದು.

"ಬೀಜ ಗಟ್ಟಿಯಾಗೋಕೆ ಇನ್ನೆಷ್ಟು ದಿನ?" ಎಂದು ಫಿದೆಲನನ್ನು ಕೇಳಿದಳು.

"ಅಕ್ಟೋಬರ್ ಇಪ್ಪತ್ತು ದಾಟ್ಬೇಕು."

"ನೀನು ಜೂನಲ್ಲೇ ಬಾಯಿ ಬಿಟ್ಟಿದ್ರೆ?"

"ಇಷ್ಟೊತ್ತಿಗೆ ಡಬ್ಬಿ ತುಂಬಿರೋದು."

"ದಿನವಿಡೀ ಬಡಬಡ ಅಂತೀಯ. ಬೇಕಾದಾಗ ಮೂಕ."



ಎರಡು ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು. ಹಾಸಿಗೆಯ ಬಟ್ಟೆಗಳನ್ನೆಲ್ಲ ಹೊದಿಸಿ ಗಿಡ ಉಳಿಸಿಕೊಂಡೆವು. ಅಕ್ಟೋಬರ್ ಐದನೇ ತಾರೀಕು ರಾತ್ರಿ ನಮ್ಮ ಊರಿನ ಗಾಳಿ ಬಂತು. ಗುಡ್ಡದಿಂದ ಬೀಳುವ ಈ ಆಗ್ನೇಯದ ಗಾಳಿಗೆ ನಾವು ಸ್ವೆತ್ ಎನ್ನುತ್ತೇವೆ. ಅದು ಬಂದರೆ ಲಾರಿಗಳು ಮಗುಚುತ್ತವೆ. ಬೆಳಿಗ್ಗೆ ನೋಡಿದರೆ ಬೇಲಿ ಇರಲಿಲ್ಲ. ಬೀಗ ಮಾತ್ರ ಒಂದು ಹಲಗೆಯಲ್ಲಿ ನೇತಾಡುತ್ತಿತ್ತು. ಮೂರು ಗಿಡ ಬುಡದಿಂದ ಮುರಿದು ಕೆಸರಿನಲ್ಲಿ ಬಿದ್ದಿದ್ದವು, ನಾಲ್ಕನೆಯದು ಎಲ್ಲಿಯೂ ಕಾಣಲಿಲ್ಲ.

ಚಿಕ್ಕಮ್ಮ ಕೆಸರಿನಲ್ಲೇ ಕೂತು ಹೂಗಳನ್ನು ಬಿಡಿಸಿದಳು. ಬೀಜಗಳು ಬೆಳ್ಳಗಿದ್ದವು. ಉಗುರಿಗೆ ಸಿಕ್ಕಿದ್ದೆಲ್ಲ ಒಡೆದು ನೀರಾಯಿತು. ಆ ಸೊಟ್ಟ ಬೆರಳಿನಲ್ಲಿ ಅವಳು ಒಂದನ್ನೂ ಬಿಡದೆ ಒತ್ತಿ ನೋಡಿದಳು, ಮಧ್ಯಾಹ್ನದವರೆಗೆ. ಕತ್ತಲಾಗುವಾಗ ಟೇಪು ಕಿತ್ತು ದೀಪ ಹಚ್ಚಿದಳು.

ಹೋದದ್ದು ಇಷ್ಟು: ಗಿಡ ನಾಲ್ಕು. ಎಳೆಬೀಜ ಇನ್ನೂರ ಹದಿಮೂರು. ಉಣ್ಣೆಯ ಅಂಗಿ ಒಂದು. ದೀಪವಿಲ್ಲದ ರಾತ್ರಿ ಮೂವತ್ತೇಳು.