ಪರಿಹಾರದ ಹೋಳಿಗಿ

“ಏ ಬೋಸುಡಿ, ಮಗ್ಗದಾಗ ಹಾಸು ಇಟಗೊಂಡು ಸರ್ಕಾರದ ಕಾಳಿಗೆ ಕೈ ಚಾಚತೀಯಲ್ಲ, ನಾಚಿಕಿ ಆಗೂದಿಲ್ಲೇನು ನಿನಗ?”

ಗಿರಮಲ್ಲಪ್ಪ ಸಾವ್ಕಾರ ಚಪ್ಪಲಿ ಮೆಟ್ಟಿಕೊಂಡೇ ನಮ್ಮ ಮಗ್ಗದ ಕುಣಿಯ ತನಕ ಬಂದು ನಿಂತಿದ್ದ. ಮಗ್ಗದ ಹತ್ತಿರ ಚಪ್ಪಲಿ ತರಬಾರದು ಅಂತ ಅವನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಇಡೀ ಓಣಿಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದವನು ಅವನೇ. ದೀಪಾವಳಿ ಮುಗಿಯುತ್ತಲೇ, ಸೀರೆ ಕೇಳುವವರಿಲ್ಲ ಅಂತ ನೂಲು ನಿಲ್ಲಿಸಿದವನೂ ಅವನೇ. ಈಗ ಮುನಸಿಪಾಲ್ಟಿಯ ಪರಿಹಾರ ಕಮಿಟಿಯ ಹಿರಿಯನಾಗಿ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಅಂತ ನೋಡಲು ಬಂದವನೂ ಅವನೇ. ಒಬ್ಬ ಮನುಷ್ಯ ಎಷ್ಟು ಕಡೆ ಕೂತಿರುತ್ತಾನೆ ನೋಡಿ.

ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದು ನಾಕೈದು ವರ್ಷವಾಗಿತ್ತು. ರಬಕವಿ, ಬನಹಟ್ಟಿ ಕಡೆಯಿಂದೆಲ್ಲ ನೇಕಾರರು ಸಾಯಾಕತ್ತಾರ ಅಂತ ಕೂಗು ಎದ್ದ ಮೇಲೆ ಸರ್ಕಾರ ಮುನಸಿಪಾಲ್ಟಿಗಳಿಗೆ ಹಣ ಕಳಿಸಿತ್ತು. ಕೆಲಸ ನಿಂತ ಮನೆಗೆ ಜೋಳ, ಮಧ್ಯಾಹ್ನ ಒಂದು ಹೊತ್ತು ಗಂಜಿ. ನಮ್ಮ ಊರಿನ ದೊಡ್ಡವರು ಕೂತು ಅದಕ್ಕೊಂದು ಕಾಯ್ದೆ ಮಾಡಿದರು. ಮಗ್ಗ ಖಾಲಿ ಇದ್ದವರಿಗೆ ಮಾತ್ರ.

“ಅದು ಹಾಸಲ್ಲರೀ ಸಾವ್ಕಾರ್ರ,” ಅಂದೆ. “ಹಳೇ ಹಾಸಿನ ತುದಿ. ನಾಳೆ ನೀವು ನೂಲು ಕೊಟ್ರ ಇದಕ್ಕ ಕೆಚ್ಚಬೇಕಲ್ಲರೀ.”

ಹಾಸು ಅಂದರೆ ಮಗ್ಗಕ್ಕೆ ಕಟ್ಟಿದ ಉದ್ದ ಎಳೆಗಳು. ನೇಕಾರರ ಮನೆಯಲ್ಲಿ ಸೀರೆ ಮುಗಿದ ಮೇಲೂ ಬಾಚಣಿಕೆಯಂಥ ಹಣಗಿಯಲ್ಲಿ ಆ ಎಳೆಗಳ ತುದಿ ಬಿಟ್ಟಿರುತ್ತೇವೆ. ಹೊಸ ನೂಲು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಗೆ ಹೊಸ ಎಳೆ ಒಂದೊಂದಾಗಿ ಹೊಸೆದು ಸೇರಿಸುವುದು. ಅದಕ್ಕೇ ಕೆಚ್ಚುವುದು ಅನ್ನುತ್ತಾರೆ. ನಮ್ಮ ಮಾವ ತೀರಿಕೊಂಡು ನಮ್ಮವರು ಮಗ್ಗಕ್ಕೆ ಕೂತಂದಿನಿಂದ ಆ ಮಗ್ಗದ ಎಳೆ ಹರಿದಿರಲಿಲ್ಲ. ಅದನ್ನು ಕಡಿಯುವುದು ಒಂದೇ ಸಲ. ಮಗ್ಗದ ಯಜಮಾನ ಸತ್ತಾಗ, ಹೆಣ ಎತ್ತುವ ಮೊದಲು.

ನಮ್ಮ ಯಜಮಾನರು ಸತ್ತಿರಲಿಲ್ಲ. ಅಲ್ಲೇ ಗೋಡೆಗೆ ಹತ್ತಿ ಮಲಗಿದ್ದರು. ಜ್ವರ ಬಿಟ್ಟು ವಾರವಾಗಿತ್ತು, ಏಳಲು ತ್ರಾಣ ಇರಲಿಲ್ಲ. ಇವಗ ಔಷಧ ಬ್ಯಾಡ, ಹೊಟ್ಟಿಗೆ ಏನರ ಹಾಕವಾ, ಇಲ್ಲಾಂದ್ರ ಉಳಿಯೂದಿಲ್ಲ ಅಂತ ಡಾಕ್ಟರ್ ಹೇಳಿ ಹೋಗಿದ್ದ. ಏನು ಹಾಕಲಿ? ಎರಡು ದಿನದಿಂದ ಹುಣಸೆಬೀಜ ಹುರಿದು ಬೇಯಿಸಿ ಅದರ ನೀರು ಕುಡಿಸಿದ್ದೆ. ಅದೂ ವಾಂತಿಯಾಗಿತ್ತು.

“ನನಗ ನೇಯೂದು ಕಲಸಬ್ಯಾಡ,” ಅಂದ ಸಾವ್ಕಾರ. “ಎಳಿ ಕಾಣತೈತಿ, ಅಂದ್ರ ಮಗ್ಗ ಖಾಲಿ ಇಲ್ಲ. ಕಾಳು ಬೇಕಂದ್ರ ಕಡದ ಒಗಿ. ಏ ನಿಂಗ್ಯಾ, ಅಲ್ಲಿ ಕುಡಗೋಲು ಐತಿ ನೋಡು, ತೊಗೊ.”

ಸಾವ್ಕಾರನ ಹಿಂದೆ ಬಂದಿದ್ದ ನಿಂಗಣ್ಣ ಮುನಸಿಪಾಲ್ಟಿಯ ಪಟ್ಟೇವಾಲ, ಜವಾನ. ನಮ್ಮ ಓಣಿಯ ಹುಡುಗನೇ, ಅವನ ಅಪ್ಪನೂ ನೇಯ್ದು ನೇಯ್ದೇ ಸತ್ತವನು. ಕುಡಗೋಲು ಹಿಡಿದು ನಿಂತ, ಕೈ ಮುಂದೆ ಹೋಗಲಿಲ್ಲ.

“ಬ್ಯಾಡರೀ ಸಾವ್ಕಾರ್ರ. ಯಜಮಾನಾ ಜೀವಂತ ಅದಾನ್ರೀ. ನನ್ನ ಕೈಲೆ ಆಗೂದಿಲ್ರೀ.”

“ಆಗೂದಿಲ್ಲ? ಹಂಗಾರ ಸೊಂಟದ ಪಟ್ಟಾ ಬಿಚ್ಚಿ ಇಲ್ಲೇ ಇಟ್ಟು ಮನಿಗಿ ನಡಿ, ಹಾಟ್ಯಾನ ಮಗನ. ನಿನ್ನ ಅವ್ವಗೂ ನಾಳೆಯಿಂದ ಗಂಜಿ ಸಾಲಿಗೆ ನಿಲ್ಲಾಕ ಹೇಳು.”

ನಿಂಗಣ್ಣನ ಮೋರೆ ನೋಡಲಾಗಲಿಲ್ಲ ನನಗೆ. ಅವನಿಗೆ ಎರಡು ಕೂಸು. ಕುಡಗೋಲು ನಾನೇ ಕಸಿದುಕೊಂಡೆ.

“ಲೇ ಸಾವಿತ್ರೀ,” ಅಂದರು ನಮ್ಮವರು, ಮೊಣಕೈ ಊರಿ ಏಳಲು ನೋಡುತ್ತಾ. “ನಾ ಇನ್ನೂ ಉಸರಾಡಾಕತ್ತೇನೆಲೇ. ನಾ ಇನ್ನೂ ಅದೇನಿ.”

“ಅದಕ್ಕ ಕೊಯ್ಯಾಕತ್ತೇನಿ,” ಅಂದೆ.

ಎಳೆಗಳು ಕರಕರ ಅಂತ ಹರಿದವು. ನಮ್ಮವರು ಗೋಡೆಯ ಕಡೆ ಹೊರಳಿದರು. ಸಾವ್ಕಾರ ಬಗ್ಗಿ, ಖಾಲಿಯಾದ ಹಣಗಿಯ ಮೇಲೆ ಬೆರಳು ಆಡಿಸಿ ನೋಡಿ, “ಈಗ ಆತು ನೋಡು,” ಅಂದ. “ಸೋಮವಾರ ಪ್ರಾಂತ ಸಾಹೇಬರು ಬರ್ತಾರ. ಪಾತ್ರಿ ತೊಗೊಂಡು ಬಾ. ತಲಿಗಿಲಿ ಬಾಚಬ್ಯಾಡ, ಹಿಂಗ ಬಾ.”

ಸೋಮವಾರ ಹಿಂಗೇ ಹೋದೆ. ಬಾಚಲು ಮನೆಯಲ್ಲಿ ಎಣ್ಣೆ ಎಲ್ಲಿತ್ತು!

ಮುನಸಿಪಾಲ್ಟಿಯ ಅಂಗಳ ಗುರುತು ಸಿಗಲಿಲ್ಲ. ಬಾಳೆಕಂಬ, ಮಾವಿನ ತೋರಣ, ಇಡೀ ಅಂಗಳಕ್ಕೆ ಬಣ್ಣದ ಬಟ್ಟೆಯ ಮಂಟಪ. ಬಟ್ಟೆಯ ಅಂಚಿಗೆ ಮುಂಬೈ ಮಿಲ್ಲಿನ ಠಸ್ಸೆ ಹಾಗೇ ಇತ್ತು. ನೇಕಾರರ ಪರಿಹಾರಕ್ಕೆ ಮಿಲ್ಲಿನ ಬಟ್ಟೆ ಕಟ್ಟಿದ ಬುದ್ಧಿವಂತರ ಕಾಲಿಗೆ ಬೀಳಬೇಕು. ನಮ್ಮನ್ನು ಮಂಟಪದ ಹೊರಗೆ, ಬಿಸಿಲಲ್ಲಿ ಕೂಡ್ರಿಸಿದರು.

ನನ್ನ ಪಕ್ಕದಲ್ಲಿ ಕುರುಬರ ಹೊಳೆವ್ವ ಕೂತಿದ್ದಳು. ಅವಳ ಗಂಡ ಧರೆಪ್ಪ ಕಂಬಳಿ ನೇಯುವವನು, ಕುರಿ ರೋಗದಲ್ಲಿ ಹೋದ ಮೇಲೆ ಉಣ್ಣೆಯೂ ಇಲ್ಲ, ಕೆಲಸವೂ ಇಲ್ಲ. ಕಂಬಳಿಯವರು ನೇಕಾರರ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವಳನ್ನು ಎರಡು ಸಲ ಹೊರಹಾಕಿದ್ದರು. ಮೂರನೇ ಸಲ ಬಂದು ಕೂತಿದ್ದಳು.

“ಕಂಬಳಿ ಏನು ತಾನ ಹುಟ್ಟತೈತೇನ, ಇವರವ್ವನ,” ಅಂದಳು. “ಇವತ್ತ ಇಲ್ಲ ಅನ್ಲಿ, ಇವರ ಧೋತರಾ ಎಳೀತೀನಿ.”

“ಸುಮ್ಮನಿರಕ್ಕಾ. ಇವತ್ತ ಸಾಹೇಬ್ರು ಬರ್ತಾರ.”

“ಬರ್ಲಿ. ಅವಂಗ ಧೋತರಾ ಇಲ್ಲಂದ್ರ ಪಾಟಲೂನ ಐತೆಲ್ಲ.”

ನಗು ಬಂತು. ಹಸಿದಾಗ ನಕ್ಕರೆ ಹೊಟ್ಟೆ ಹಿಂಡುತ್ತದೆ, ಅದಕ್ಕೇ ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ಪ್ರಾಂತ ಸಾಹೇಬ, ನಾಕಾರು ತಾಲೂಕು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ, ಜೀಪಿನಲ್ಲಿ ಬಂದ. ಹಾರ ಹಾಕಿದರು, ಚೇರಮನ್ ಭಾಷಣ ಮಾಡಿದ, ಗಿರಮಲ್ಲಪ್ಪ ಸಾವ್ಕಾರ ಭಾಷಣ ಮಾಡುತ್ತಾ ನಮ್ಮನ್ನು ನೆನೆದು ಕಣ್ಣು ಒರೆಸಿಕೊಂಡ. ಆಮೇಲೆ ನನ್ನನ್ನೇ ಮುಂದೆ ಕರೆದರು, ತಲೆ ಬಾಚಿರಲಿಲ್ಲವಲ್ಲ. ಸಾಹೇಬ ಸೌಟು ಹಿಡಿದು ನನ್ನ ಪಾತ್ರೆಗೆ ಗಂಜಿ ಹಾಕಿದ. ಜಮಖಂಡಿಯಿಂದ ಬಂದ ಫೋಟೋದವನಿಗೆ ಬೆಳಕು ಸರಿ ಬರಲಿಲ್ಲ. ನನ್ನ ಪಾತ್ರೆಯ ಗಂಜಿ ತಿರುಗಿ ಹಂಡೆಗೆ ಸುರಿಸಿಕೊಂಡು, ಮತ್ತೊಮ್ಮೆ ಹಾಕಿಸಿದರು. ಮತ್ತೂ ಸರಿ ಬರಲಿಲ್ಲ. ಮತ್ತೆ ಸುರಿ ಅಂದರು.

“ಕೈ ಮುಗದು ನಿಲ್ಲವಾ,” ಅಂದ ಫೋಟೋದವನು.

“ಕೈಯಾಗ ಪಾತ್ರಿ ಐತೆಲ್ಲರೀ.”

“ಹಂಗಾರ ಬಾಯಿ ಸ್ವಲ್ಪ ತೆರಿ. ಸಂತೋಷ ಕಾಣಬೇಕು.”

ಬಾಯಿ ತೆರೆದೆ. ಸಾಹೇಬ ಸೌಟನ್ನು ನನ್ನ ಪಾತ್ರೆಯ ಮೇಲೆ ಸುಮ್ಮನೆ ಹಿಡಿದ, ಫೋಟೋ ಆಯಿತು. ಸಾಹೇಬ ಕೈ ತೊಳೆದುಕೊಂಡು ಜೀಪು ಹತ್ತಿದ, ಮುಧೋಳದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತಂತೆ. ಜೀಪಿನ ಧೂಳು ಇಳಿಯುವ ಮೊದಲೇ ಗುಮಾಸ್ತ ಶಿದ್ರಾಮಪ್ಪ ಹಂಡೆಯ ಮೇಲೆ ಮುಚ್ಚಳ ಹಾಕಿದ. ನನ್ನ ಪಾತ್ರೆ ಖಾಲಿಯೇ ಇತ್ತು, ಕೊನೆಯ ಸಲ ಸುರಿಸಿಕೊಂಡವರು ತಿರುಗಿ ಹಾಕಿರಲಿಲ್ಲ.

“ಶಿದ್ರಾಮಪ್ಪಣ್ಣಾ, ನಮ್ಮ ಜೋಳ? ಮನ್ಯಾಗ ಅವರು ಮಲಗ್ಯಾರ. ಗಂಜಿ ಆದ್ರೂ ಕೊಡು, ಓಡಿ ಹೋಗಿ ಕುಡಸತೀನಿ.”

“ನಿನ್ನ ಮಗ್ಗ ಖಾಲಿ ಐತೇನು?”

“ಖಾಲಿ ಐತಿ! ಸಾವ್ಕಾರ್ರ ಕಣ್ಣ ಮುಂದ ಕಡದೇನಿ.”

“ಹಂಗಾರ ನಿನಗ ಬರೂದಿಲ್ಲ. ನಿನ್ನೆ ಕಮಿಟಿ ಹೊಸಾ ಠರಾವು ಮಾಡೈತಿ. ಈ ರೊಕ್ಕ ನೇಕಾರರ ಸಲುವಾಗಿ ಬಂದದ್ದು. ಮಗ್ಗದಾಗ ಎಳಿ ಇದ್ದವರು ನೇಕಾರರು. ಎಳಿ ಇಲ್ಲದ ಮಗ್ಗ ಇಟಗೊಂಡು ಯಾರ ಬೇಕಾದವರು ನೇಕಾರ ಅನ್ನಬಹುದಲ್ಲ.”

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆದಾಗ ಸುತ್ತ ನೋಡಿದೆ. ಸಾವ್ಕಾರ ಅಲ್ಲೇ ಎಲೆ ಅಡಿಕೆ ಹಾಕುತ್ತಾ ನಿಂತಿದ್ದ. ಓಡಿ ಹೋಗಿ ಅವನ ಎದುರು ನಿಂತೆ.

“ನೀವ ಕಡಿಸಿದ್ರೆಲ್ಲರೀ! ಎಳಿ ಇದ್ರ ಕೊಡೂದಿಲ್ಲ ಅಂದವರು ನೀವ ಅಲ್ಲೇನರೀ?”

“ನಾ ಎಲ್ಲಿ ಕಡದೆ?” ಅಂದ, ಸುಣ್ಣ ಬೆರಳಿಗೆ ಹಚ್ಚಿಕೊಳ್ಳುತ್ತಾ. “ಕುಡಗೋಲು ನಿನ್ನ ಕೈಯಾಗ ಇತ್ತು. ನಿಂಗ್ಯಾನ್ನ ಕೇಳು ಬೇಕಾದ್ರ. ಗಂಡ ಇದ್ದಾಂಗ ಎಳಿ ಹರಕೊಂಡ ಹೆಂಗಸು ನೀ, ನಿನ್ನ ಮೋರೆ ನೋಡೂದ ಅನಿಷ್ಟ.” ಆಮೇಲೆ ದನಿ ತಗ್ಗಿಸಿದ. “ನನ್ನ ಶೆಡ್ಡಿಗೆ ಯಂತ್ರದ ಮಗ್ಗ ಬರಾಕತ್ತಾವ. ಕಸಾ ಹೊಡ್ಯಾಕ ಬಾ, ರೊಟ್ಟಿ ಹಾಕ್ತೀನಿ. ನಿನ್ನ ಹಳೇ ಮಗ್ಗ ಉರಿಗೆ ಆಗತೈತಿ.”

ಅವನು ಚೇರಮನ್ನನ ಜೊತೆ ಫೋಟೋ ತೆಗೆಸಿಕೊಳ್ಳಲು ಗೇಟಿನ ಕಡೆ ಹೋದ.

ಆಗಲೇ ಬೆಲ್ಲದ ವಾಸನೆ ಬಂದದ್ದು. ಮುನಸಿಪಾಲ್ಟಿಯ ಸಭೆಯ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಎರಡು ಸಾಲು ಬಾಳೆಲೆ ಹಾಕಿ ಬಡಿಸಿಟ್ಟಿದ್ದರು. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಅನ್ನ, ಬದನೆಕಾಯಿ ಎಣಗಾಯಿ. ಬಾಗಿಲಲ್ಲಿ ನಿಂಗಣ್ಣ ನಿಂತಿದ್ದ.

“ಇದು ಯಾರ ಊಟ ನಿಂಗಣ್ಣಾ?”

ಅವನು ನನ್ನ ಮೋರೆ ನೋಡಲಿಲ್ಲ. “ಮೆಂಬರುಗಳದು, ಯಕ್ಕಾ. ಇದೂ ಪರಿಹಾರದ ರೊಕ್ಕದಾಗ. ಮಂಟಪಾನೂ ಅದರಾಗ, ಜಮಖಂಡಿ ಫೋಟೋದವನೂ ಅದರಾಗ. ಉಳದದ್ದು ನಿಮಗ ಗಂಜಿ.”

“ಸರಿ ಆ ಕಡೆ,” ಅಂದೆ.

ಅವನು ಸರಿದ. ಖರೆ ಹೇಳುತ್ತೇನೆ, ಅವನು ಸರಿಯದಿದ್ದರೆ ಅವನನ್ನು ತುಳಿದೇ ಹೋಗುತ್ತಿದ್ದೆ. ಮೊದಲ ಸಾಲಿನ ನಡುವೆ, ಬೆಳ್ಳಿ ಲೋಟ ಇಟ್ಟ ಎಲೆಯ ಮುಂದೆ ಚಕ್ಕಲಬಕ್ಕಲು ಹಾಕಿ ಕೂತೆ. ಅದು ಸಾವ್ಕಾರನ ಎಲೆ. ಮೊದಲು ನಾಕು ಹೋಳಿಗೆ ತೆಗೆದು ಸೆರಗಿನಲ್ಲಿ ಗಂಟು ಕಟ್ಟಿದೆ. ಆಮೇಲೆ ಒಂದನ್ನು ಬಾಯಿಗೆ ಇಟ್ಟೆ.

ನನ್ನ ಬಲಕ್ಕೆ ಯಾರೋ ಧಪ್ಪನೆ ಕೂತರು. ಹೊಳೆವ್ವ. ಚೇರಮನ್ನನ ಎಲೆಯ ಅನ್ನಕ್ಕೆ ಸಾರು ಸುರುವಿಕೊಂಡು ಕಲಸತೊಡಗಿದಳು. “ಉಪ್ಪು ಕಡಿಮಿ ಆಗೇತಿ ಭಾಡ್ಯಾಗಳದು,” ಅಂದಳು. ಹಿಂದಿನಿಂದ ಇನ್ನೂ ಹೆಂಗಸರು ಬಂದರು. ಕೋಣೆಯ ತುಂಬ ಅಗಿಯುವ ಸಪ್ಪಳ ಮಾತ್ರ.

“ಏ ರಂಡೇರ್ಯಾ!”

ಬಾಗಿಲಲ್ಲಿ ಸಾವ್ಕಾರ, ಅವನ ಹಿಂದೆ ಮೆಂಬರುಗಳು, ಅವರ ಹಿಂದೆ ಲಾಠಿ ಹಿಡಿದ ಪೋಲೀಸಿನವ. ಸಾವ್ಕಾರ ನೇರವಾಗಿ ನನ್ನ ಕಡೆಗೇ ಬಂದ. ನನ್ನ ಬೆನ್ನ ಹಿಂದೆ ಕಿಟಕಿ ಇತ್ತು, ಅದರ ಹೊರಗೆ ನಿಂಗಣ್ಣ ಬಂದು ನಿಂತಿದ್ದ. ಸೆರಗಿನ ತುದಿ ಹಲ್ಲಿನಿಂದ ಹರಿದು, ಗಂಟನ್ನು ಹಾಗೇ ಕಿಟಕಿಯಿಂದ ಹೊರಗೆ ಎಸೆದೆ.

“ನಿಂಗಣ್ಣಾ! ಮನೀಗೆ ಮುಟ್ಟಸೋ! ಅವರಿಗೆ ತಿನಸೋ!”

ನಿಂಗಣ್ಣ ಬಗ್ಗಿ ಗಂಟು ಎತ್ತಿಕೊಂಡದ್ದು ಕಂಡಿತು. ಓಡಿದ್ದೂ ಕಂಡಿತು. ಓಣಿಯ ಕಡೆ ತಿರುಗಿದನೋ ಠಾಣೆಯ ಕಡೆ ತಿರುಗಿದನೋ ಗೊತ್ತಾಗಲಿಲ್ಲ, ಅಷ್ಟರಲ್ಲಿ ಸಾವ್ಕಾರ ನನ್ನ ಕೂದಲು ಹಿಡಿದು ಹಿಂದಕ್ಕೆ ಜಗ್ಗಿದ್ದ.

“ಉಗುಳ! ಬಾಯಾಗಿಂದು ಉಗುಳಲೇ ಬೋಸುಡಿ!”

ದವಡೆ ಹಿಡಿದು ಒತ್ತಿದ. ಅವನ ಉಂಗುರ ಹಲ್ಲಿಗೆ ತಾಗಿ ತುಟಿ ಒಡೆಯಿತು. ಹೋಳಿಗೆಯ ಸಿಹಿಯ ಜೊತೆ ರಕ್ತವೂ ಸೇರಿತು. ಪಕ್ಕದಲ್ಲಿ ಹೊಳೆವ್ವನ ಬೆನ್ನಿಗೆ ಲಾಠಿ ಬಿದ್ದ ಸಪ್ಪಳ ಕೇಳಿತು. “ಹೊಡಿಯೋ ಹೊಡಿ, ಉಂಡ ಮ್ಯಾಲ ಹೊಡತಾ ತಡೀತೈತಿ!” ಅಂತ ಅವಳು ಒದರುತ್ತಿದ್ದಳು, ಒದರುತ್ತಲೇ ತುತ್ತು ಇಡುತ್ತಿದ್ದಳು.

ನಾನು ಸಾವ್ಕಾರನ ಕಣ್ಣನ್ನೇ ನೋಡುತ್ತಾ ನುಂಗಿದೆ.

“ಕೈ ಮುರೀರಿ ಇಕಿದು,” ಅಂದ ಅವನು. ಪೋಲೀಸಿನವ ನನ್ನ ಕಡೆ ತಿರುಗಿದ. ಎಲೆಯ ಮೇಲೆ ಇನ್ನೊಂದು ಹೋಳಿಗೆ ಉಳಿದಿತ್ತು. ಲಾಠಿ ಮೇಲಕ್ಕೆ ಹೋಯಿತು, ನಾನು ಹೋಳಿಗೆಗೆ ಕೈ ಚಾಚಿದೆ.